ಅಜ್ಜನ ಬೆರಳಿಗೆ ಶಾಯಿ ಇರಲಿಲ್ಲ

2024ರ ಜನವರಿ 14, ಭಾನುವಾರ. ಮಾರನೆಯ ದಿನ ಸಂಕ್ರಾಂತಿ. ಸಾಗರದ ನಮ್ಮ ಮನೆಯಲ್ಲಿ ಹೆಂಡತಿ ಒಲೆಯ ಮುಂದೆ ಕೂತು ಸಂಕ್ರಾಂತಿ ಕಾಳು ಮಾಡುತ್ತಿದ್ದಳು. ಬಾಣಲೆಯಲ್ಲಿ ಎಳ್ಳಿಗೆ ಹನಿ ಹನಿಯಾಗಿ ಸಕ್ಕರೆ ಪಾಕ ಹಾಕುವುದು ನನ್ನ ಕೆಲಸ. ಭಾನುವಾರ ಸಂಜೆ ಎಂದರೆ ನಮ್ಮ ಮೊಮ್ಮಗಳು ಪುಟ್ಟಿಯ ಫೋನು ಬರುವ ಹೊತ್ತು. ಒಂಬತ್ತು ವರ್ಷದ ಪುಟ್ಟಿ ಅಪ್ಪ ಅಮ್ಮನ ಜತೆ ಇರುವುದು ಐಸ್‌ಲ್ಯಾಂಡ್ ದೇಶದ ರಾಜಧಾನಿ ರೇಕ್ಯಾವಿಕ್‌ನಲ್ಲಿ. ಯುರೋಪಿನ ಭೂಪಟದಲ್ಲಿ ಎಡಗಡೆ ಮೇಲಿನ ಮೂಲೆಯಲ್ಲಿ, ಸಮುದ್ರದ ನಡುವೆ ಒಂದು ದ್ವೀಪ ಕಾಣುತ್ತದಲ್ಲ, ಅದೇ.

ಅವತ್ತು ಫೋನಿನಲ್ಲಿ ಪುಟ್ಟಿಯ ಮುಖ ಕಾಣಿಸಲಿಲ್ಲ. ಅವಳು ಫೋನನ್ನು ತಮ್ಮ ಮನೆಯ ಟಿವಿಯ ಕಡೆ ಹಿಡಿದಿದ್ದಳು.

"ಅಜ್ಜ, ನೋಡು. ಗ್ರಿಂಡಾವಿಕ್ ಸುಡ್ತಾ ಇದೆ."

ನೋಡಿದೆ. ಕಪ್ಪು ನೆಲ ಬಾಯಿ ಬಿಟ್ಟಿತ್ತು. ಅದರೊಳಗಿಂದ ಕೆಂಪಗೆ ಕಾದ ಲಾವಾರಸ ಉಕ್ಕಿ ಮನೆಗಳ ಕಡೆಗೆ ಹರಿಯುತ್ತಿತ್ತು. ಅವಸರವೇನೂ ಇಲ್ಲದ ಹಾಗೆ, ನಮ್ಮ ಆಲೆಮನೆಯ ಬೆಲ್ಲದ ಪಾಕದ ಹಾಗೆ, ನಿಧಾನವಾಗಿ. ಒಂದು ಮನೆಗೆ ತಾಗಿತು. ಮನೆ ಹೊತ್ತಿಕೊಂಡಿತು. ಅವತ್ತು ಹೀಗೆ ಮೂರು ಮನೆಗಳು ಹೋದವು. ಊರಿನಲ್ಲಿದ್ದವರನ್ನೆಲ್ಲ ರಾತ್ರಿಯೇ ಎಬ್ಬಿಸಿ ಹೊರಗೆ ಕಳಿಸಿದ್ದರು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಆದರೆ ತಮ್ಮ ಮನೆ ಸುಡುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡುತ್ತಿರುವಾಗ ಆ ಮನೆಯವರೂ ನೋಡುತ್ತಿದ್ದರು.

ನನ್ನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಹೆಂಡತಿ ಹೇಳಿದಳು, "ಪಾಕ ಗಟ್ಟಿಯಾಗ್ತದೆ, ಹಾಕಿ." ಆಮೇಲೆ ನನ್ನ ಮುಖ ನೋಡಿ ಸುಮ್ಮನಾದಳು. ನನಗೆ ಏನು ನೆನಪಾಗಿದೆ ಎಂದು ಅವಳಿಗೆ ಗೊತ್ತಿತ್ತು.

ನನ್ನ ಊರು ಈಗ ಇಲ್ಲ. ಅದು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನನಗೆ ಹನ್ನೊಂದು ವರ್ಷ. ನೀರು ಕೂಡ ಹಾಗೆಯೇ ಬಂತು, ಅವಸರವಿಲ್ಲದೆ. ಮೊದಲು ಗದ್ದೆ, ಆಮೇಲೆ ತೋಟ, ಆಮೇಲೆ ನಮ್ಮ ಮನೆಯ ಮೆಟ್ಟಿಲು. ನಾವು ಎತ್ತಿನ ಗಾಡಿಯಲ್ಲಿ ಪಾತ್ರೆ, ಒರಳು, ಬಾಗಿಲಿನ ಚೌಕಟ್ಟು ಹೇರಿಕೊಂಡು ಕಾಡಿನ ಅಂಚಿಗೆ ಬಂದು ಗುಡಿಸಲು ಹಾಕಿದೆವು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅದು. ಬೇಡ ಎನ್ನುವ ಹಾಗಿರಲಿಲ್ಲ. ಆದರೆ ಹೊಸ ಜಾಗದ ಹಕ್ಕುಪತ್ರಕ್ಕಾಗಿ ಅಪ್ಪ ಕೊನೆಯವರೆಗೂ ಅಲೆದರು. ಅವರ ಕಾಲ ಮುಗಿಯಿತು, ಕಾಗದ ಬರಲಿಲ್ಲ.

ಪುಟ್ಟಿಗೆ ಇದೆಲ್ಲ ಗೊತ್ತಿರಲಿಲ್ಲ. "ಅಜ್ಜ, ನಮ್ಮ ಕ್ಲಾಸಿಗೆ ಗ್ರಿಂಡಾವಿಕ್‌ನ ಒಬ್ಬ ಹುಡುಗ ಬಂದಿದ್ದಾನೆ. ಅವನ ಸೈಕಲ್ ಅಲ್ಲೇ ಉಳಿದುಹೋಗಿದೆ," ಎಂದಳು.

ಹೀಗೆ ಆ ವರ್ಷ ಶುರುವಾಯಿತು. ಆ ಪುಟ್ಟ ದೇಶದ ಒಂದಿಡೀ ವರ್ಷದ ಕಥೆಯನ್ನು ನಾನು ಅರ್ಧ ಫೋನಿನಲ್ಲಿ, ಅರ್ಧ ಕಣ್ಣಾರೆ ನೋಡಿದೆ. ಅದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಮೊದಲು ದೇಶದ ಅಳತೆ ತಿಳಿದುಕೊಳ್ಳಿ. ಐಸ್‌ಲ್ಯಾಂಡ್‌ನ ವಿಸ್ತಾರ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನ ಮಾತ್ರ 4 ಲಕ್ಷಕ್ಕೂ ಕಡಿಮೆ. ಮೈಸೂರು ನಗರವೊಂದರಲ್ಲೇ ಅದರ ಎರಡು ಪಟ್ಟಿಗೂ ಹೆಚ್ಚು ಜನರಿದ್ದಾರೆ. ಗ್ರಿಂಡಾವಿಕ್ ಎಂದರೆ 3,800 ಜನರಿದ್ದ ಮೀನುಗಾರರ ಊರು. 2023ರ ನವೆಂಬರ್ 10ರ ರಾತ್ರಿ ಭೂಮಿ ನಡುಗಿ ನಡುಗಿ ರಸ್ತೆಗಳು ಸೀಳಿದಾಗ ಆ ಅಷ್ಟೂ ಜನರನ್ನು ಹೊರಗೆ ಕಳಿಸಿದರು. 100 ಜನರಲ್ಲಿ ಒಬ್ಬರು ಒಂದೇ ರಾತ್ರಿಯಲ್ಲಿ ಮನೆ ಬಿಟ್ಟಂತಾಯಿತು. ಇಷ್ಟು ಸಣ್ಣ ದೇಶದಲ್ಲಿ ಗ್ರಿಂಡಾವಿಕ್‌ನ ಒಬ್ಬರಾದರೂ ಪರಿಚಯವಿಲ್ಲದ ಮನೆ ಸಿಗುವುದು ಕಷ್ಟ.

ಫೆಬ್ರವರಿ 8ಕ್ಕೆ ಮತ್ತೆ ಭೂಮಿ ಬಿರಿಯಿತು. ಈ ಸಲ ಲಾವಾ ಹರಿದು ಬಿಸಿನೀರಿನ ಕೊಳವೆಯನ್ನೇ ಸುಟ್ಟುಹಾಕಿತು. ಅಲ್ಲಿ ಮನೆ ಬೆಚ್ಚಗಿಡುವುದು ನೆಲದೊಳಗಿಂದ ಬರುವ ಬಿಸಿನೀರು. 20,000ಕ್ಕೂ ಹೆಚ್ಚು ಜನ ಕೊರೆಯುವ ಚಳಿಯಲ್ಲಿ ಬಿಸಿನೀರಿಲ್ಲದೆ ಕೂತರು. ಕೆಲಸಗಾರರು ಹಗಲು ರಾತ್ರಿ ದುಡಿದು ಕೆಲವೇ ದಿನಗಳಲ್ಲಿ ಹೊಸ ಕೊಳವೆ ಜೋಡಿಸಿದರು. ಅದೇ ತಿಂಗಳು ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಗ್ರಿಂಡಾವಿಕ್‌ನಲ್ಲಿ ಮನೆ ಇದ್ದವರು ಬಯಸಿದರೆ ಸರ್ಕಾರದ ಕಂಪನಿಯೇ ಆ ಮನೆ ಕೊಳ್ಳುತ್ತದೆ, ಬೆಂಕಿ ವಿಮೆಯಲ್ಲಿ ಬರೆದ ಬೆಲೆಯ ನೂರಕ್ಕೆ 95ರಷ್ಟು ಕೊಡುತ್ತದೆ ಎಂದು. ಮಗಳು ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಮಾತಾಡಲಿಲ್ಲ. ಮೂರು ತಿಂಗಳಲ್ಲಿ ಕಾಗದ! ಅಪ್ಪನ ಕೊಡೆ, ಅಪ್ಪನ ಸವೆದ ಚಪ್ಪಲಿ ಕಣ್ಣ ಮುಂದೆ ಬಂದವು.

ಇನ್ನು ರಾಜಕೀಯಕ್ಕೆ ಬರೋಣ. ಅಲ್ಲಿನ ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ. ಆಗ ಅಧ್ಯಕ್ಷರಾಗಿದ್ದವರು ಗುಡ್ನಿ ಯೋಹಾನೆಸ್ಸನ್, ಮೂಲತಃ ಇತಿಹಾಸದ ಮೇಷ್ಟ್ರು. ಜನಪ್ರಿಯರು. ನಿಂತಿದ್ದರೆ ಗೆಲ್ಲುವುದೇನೂ ಕಷ್ಟವಿರಲಿಲ್ಲ. ಆದರೆ ಜನವರಿ 1ರ ಹೊಸ ವರ್ಷದ ಭಾಷಣದಲ್ಲಿ, ಎಂಟು ವರ್ಷ ಸಾಕು, ನಾನು ಮತ್ತೆ ನಿಲ್ಲುವುದಿಲ್ಲ ಎಂದುಬಿಟ್ಟರು.

ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ. 2017ರಿಂದ ಪ್ರಧಾನಿಯಾಗಿದ್ದ ಕತ್ರೀನ್ ಯಾಕೊಬ್ಸ್‌ದೋತ್ತಿರ್ ರಾಜೀನಾಮೆ ಕೊಟ್ಟು ಅಧ್ಯಕ್ಷ ಚುನಾವಣೆಗೆ ನಿಂತರು. ಅಧಿಕಾರವಿದ್ದ ಕುರ್ಚಿ ಬಿಟ್ಟು, ಗೆಲ್ಲುವ ಖಾತ್ರಿಯಿಲ್ಲದ ಕುರ್ಚಿಗೆ. ಅವರ ಜಾಗಕ್ಕೆ ಬ್ಯಾರ್ನಿ ಬೆನೆಡಿಕ್ಟ್ಸನ್ ಪ್ರಧಾನಿಯಾದರು. ಅದು ಹಲವರಿಗೆ ಹಿಡಿಸಲಿಲ್ಲ. ಇವರು ಬೇಡ ಎನ್ನುವ ಮನವಿಗೆ 40,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅಲ್ಲಿ ಎಲ್ಲರೂ ಹಾಲು ಕುಡಿದು ಮಲಗುವವರು, ಜಗಳವೇ ಇಲ್ಲ ಎಂದುಕೊಳ್ಳಬೇಡಿ. ಬೇಕಾದಷ್ಟು ಇದೆ.

ಹೆಸರಿನ ಕೊನೆಯ 'ದೋತ್ತಿರ್' ನೋಡಿ ನಕ್ಕಿರಾ? ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಯಾಕೊಬನ ಮಗಳು ಯಾಕೊಬ್ಸ್‌ದೋತ್ತಿರ್. ಬೆನೆಡಿಕ್ಟನ ಮಗ ಬೆನೆಡಿಕ್ಟ್ಸನ್. ಸಂಸ್ಕೃತದಲ್ಲಿ ಮಗಳಿಗೆ 'ದುಹಿತೃ' ಎನ್ನುತ್ತೇವಲ್ಲ, ಆ ಪದವೂ 'ದೋತ್ತಿರ್' ಪದವೂ ಒಂದೇ ಬೇರಿನವು. ಆದ್ದರಿಂದ ಅಲ್ಲಿ ಅಧ್ಯಕ್ಷರನ್ನಾಗಲಿ ಪ್ರಧಾನಿಯನ್ನಾಗಲಿ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಪುಟ್ಟಿಯೂ "ಕತ್ರೀನ್ ನಿಂತಿದ್ದಾಳೆ" ಎಂದೇ ಹೇಳಿದ್ದು. ಮೊದಮೊದಲು ನನಗೆ ಅವಳ ಕ್ಲಾಸಿನ ಯಾವುದೋ ಹುಡುಗಿಯ ಮಾತು ಎನಿಸಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಗಳು ಬಹಳ ಸಲ ಕರೆದಿದ್ದಳು. ಅಲ್ಲಿಗೆ ಹೋಗಲು 90 ದಿನಗಳ ವೀಸಾ ಸಿಕ್ಕಿತು. ಹೆಂಡತಿ ಮಂಡಿನೋವು, ಹಸು, ತೋಟ ಎಂದು ಹೊರಡಲಿಲ್ಲ. ನನ್ನ ಟಿಕೆಟ್ ತೆಗೆಯುವಾಗ ಅಳಿಯ ಕೇಳಿದ, "ಮಾವ, ಮೇ 4ಕ್ಕೆ ತೆಗೆದರೆ ದರ ಕಡಿಮೆ ಇದೆ. 9ಕ್ಕಾದರೆ ಜಾಸ್ತಿ. ಯಾವುದು ಮಾಡಲಿ?"

ನಮ್ಮಲ್ಲಿ ಲೋಕಸಭಾ ಚುನಾವಣೆಗೆ ಮತದಾನ ಮೇ 7ಕ್ಕೆ ಇತ್ತು. ಅದು ನನಗೆ ಗೊತ್ತಿತ್ತು. ಹೆಂಡತಿ ಪಕ್ಕದಿಂದ, "ಏಳನೇ ತಾರೀಕು ಕಳೆದು ಹೋದರಾಗದೇ?" ಎಂದಳು. ನಾನು, "ನನ್ನದೊಂದು ಮತದಿಂದ ಏನಾಗ್ತದೆ? ನಮ್ಮ ಕಾಗದ ಬಂತಾ ಇಷ್ಟು ವರ್ಷವಾದರೂ?" ಎಂದೆ. ಮೇ 4ರ ಟಿಕೆಟ್ ಆಯಿತು.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಎಷ್ಟೋ ಚುನಾವಣೆಗಳಲ್ಲಿ ಕೆಲಸ ಮಾಡಿದ್ದೇನೆ. ದೋಣಿಯಲ್ಲಿ ಮತಪೆಟ್ಟಿಗೆ ಇಟ್ಟುಕೊಂಡು ಹಿನ್ನೀರು ದಾಟಿದ್ದೇನೆ. ಸಾವಿರಾರು ಜನರ ಬೆರಳಿಗೆ ಈ ಕೈಯಿಂದಲೇ ಶಾಯಿ ಹಚ್ಚಿದ್ದೇನೆ. ಅಂಥವನು ವಿಮಾನದ ದರ ನೋಡಿ ಹೊರಟುಬಿಟ್ಟೆ.

ರೇಕ್ಯಾವಿಕ್‌ನಲ್ಲಿ ಮೇ ತಿಂಗಳೆಂದರೆ ರಾತ್ರಿ ಹತ್ತಕ್ಕೂ ಬೆಳಕು. ಮೊದಲ ವಾರ ನನಗೆ ನಿದ್ದೆ ಎಂದರೆ ಏನೆಂದು ಮರೆತೇಹೋಗಿತ್ತು. ಆ ಗ್ರಿಂಡಾವಿಕ್‌ನ ಹುಡುಗ ಒಂದು ಸಂಜೆ ಮನೆಗೆ ಬಂದ. ಮಗಳು ದೋಸೆ ಮಾಡಿದಳು. ಅವನು ಸಕ್ಕರೆ ಹಾಕಿಕೊಂಡು ಸುರುಳಿ ಸುತ್ತಿ ನಾಲ್ಕು ದೋಸೆ ತಿಂದ. ಅವರಲ್ಲೂ ನಮ್ಮ ನೀರುದೋಸೆಯಂಥ ಒಂದು ತೆಳುವಾದ ತಿಂಡಿಯಿದೆ. ಪುಟ್ಟಿ ಅವನಿಗೆ ನನ್ನ ಊರಿನ ಕಥೆ ಹೇಳಿಬಿಟ್ಟಿದ್ದಳು. ಫೋನಿನಲ್ಲಿ ಹೇಳಿದ್ದನ್ನು ಮರೆತಿರಲಿಲ್ಲ.

ಅವನು ಪುಟ್ಟಿಯ ಮೂಲಕ ಕೇಳಿದ: "ನಿಮ್ಮ ಮನೆ ನೀರಿನೊಳಗೆ ಈಗಲೂ ಇದೆಯಾ?"

"ಮನೆ ಇಲ್ಲ. ಬೇಸಿಗೆಯಲ್ಲಿ ನೀರು ತುಂಬ ಇಳಿದರೆ ಬಾವಿಯ ಕಟ್ಟೆ ಕಾಣುತ್ತದೆ. ಒಂದು ಹಲಸಿನ ಮರದ ಬೊಡ್ಡೆ ಇದೆ. ಇನ್ನೂ ಕೊಳೆತಿಲ್ಲ."

"ನೀವು ಅಲ್ಲಿಗೆ ಹೋಗ್ತೀರಾ?"

"ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ."

ಅವನು ತಲೆಯಾಡಿಸಿದ. ತನ್ನ ಮನೆ ಸುಟ್ಟಿಲ್ಲ, ಆದರೆ ಮನೆಯ ಕೆಳಗೆ ನೆಲ ಸೀಳಿದೆ, ಅಪ್ಪ ಅಮ್ಮ ಅದನ್ನು ಸರ್ಕಾರಕ್ಕೆ ಮಾರಿದ್ದಾರೆ ಎಂದ. ದುಡ್ಡು ಬಂದರೂ ಅಜ್ಜಿ ಅಳುತ್ತಾಳೆ ಎಂದ. ಆಗ ನನಗೆ ಒಂದು ವಿಷಯ ತಿಳಿಯಿತು. ಕಾಗದ ಬೇಗ ಬಂದರೂ ಊರು ಬರುವುದಿಲ್ಲ. ನನ್ನ ಹೊಟ್ಟೆಯಲ್ಲಿದ್ದ ಕಿಚ್ಚು ಅವತ್ತು ಸ್ವಲ್ಪ ತಣ್ಣಗಾಯಿತು.

ಆ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಕಥೆ ಕೇಳಿ. ಊರಿಲ್ಲ, ಆಟದ ಅಂಕಣವಿಲ್ಲ, ಬೇರೆ ಊರಿನ ಅಂಕಣದಲ್ಲಿ ಆಡಿ ಆಡಿ ಆ ತಂಡ ದೇಶದ ಪಂದ್ಯಾವಳಿಯ ಅಂತಿಮ ಸುತ್ತಿಗೆ ಬಂದಿತ್ತು. ಐದು ಪಂದ್ಯಗಳ ಸರಣಿ, ಎರಡು ಎರಡು ಸಮ. ಕೊನೆಯ ಪಂದ್ಯ ಮೇ 29ಕ್ಕೆ. ಅದೇ ಮಧ್ಯಾಹ್ನ ಗ್ರಿಂಡಾವಿಕ್ ಹತ್ತಿರ ಜ್ವಾಲಾಮುಖಿ ಮತ್ತೆ ಸಿಡಿಯಿತು. ಸಂಜೆ ಆಟ ನಡೆಯಿತು. ನಾವೆಲ್ಲ ಟಿವಿ ಮುಂದೆ ಕೂತೆವು. ಹಳದಿ ಅಂಗಿಯ ಗ್ರಿಂಡಾವಿಕ್‌ನವರು ಗೆಲ್ಲಬೇಕೆಂದು ನಾನು ಮನಸ್ಸಿನಲ್ಲೇ ಮಾರಿಕಾಂಬೆಗೆ ಹರಕೆಯನ್ನೂ ಹೊತ್ತೆ. ಗೆದ್ದದ್ದು ರೇಕ್ಯಾವಿಕ್‌ನ ವಾಲೂರ್ ತಂಡ. ಸಿನಿಮಾದಲ್ಲಾಗಿದ್ದರೆ ಗ್ರಿಂಡಾವಿಕ್ ಗೆಲ್ಲುತ್ತಿತ್ತು. ಪುಟ್ಟಿ ಅತ್ತಳು. ಮಾರನೆಯ ದಿನ ಶಾಲೆಯಲ್ಲಿ ಆ ಹುಡುಗ ಹಳದಿ ಅಂಗಿ ಹಾಕಿಕೊಂಡೇ ಬಂದಿದ್ದನಂತೆ.

ಅದಾದ ಮೂರನೆಯ ದಿನ, ಜೂನ್ 1ರ ಶನಿವಾರ, ಅಧ್ಯಕ್ಷ ಚುನಾವಣೆ. ನಮ್ಮ ದೇಶದಲ್ಲೂ ಲೋಕಸಭೆಯ ಏಳನೆಯ ಹಾಗೂ ಕೊನೆಯ ಹಂತದ ಮತದಾನ ಅದೇ ದಿನ ನಡೆಯಿತು. ಅಲ್ಲಿ 12 ಜನ ಕಣದಲ್ಲಿದ್ದರು. ಒಬ್ಬ ಹಾಸ್ಯನಟ, ಒಬ್ಬ ನಟಿ, ಒಬ್ಬ ಪ್ರಾಧ್ಯಾಪಕ, ಮಾಜಿ ಪ್ರಧಾನಿ ಕತ್ರೀನ್, ಉದ್ಯಮಿ ಹಲ್ಲಾ ತೋಮಸ್‌ದೋತ್ತಿರ್, ಹೀಗೆ. ಈ ಹಲ್ಲಾ 2016ರಲ್ಲೂ ನಿಂತು ಗುಡ್ನಿ ಎದುರು ಸೋತಿದ್ದರು. ಎಂಟು ವರ್ಷ ಕಳೆದು ಮತ್ತೆ ಬಂದಿದ್ದರು. ಅವರ ಕಡೆಯ ಹುಡುಗ ಹುಡುಗಿಯರು ಕತ್ತಿಗೆ ಬಣ್ಣದ ವಸ್ತ್ರ ಕಟ್ಟಿಕೊಂಡು ಓಡಾಡುತ್ತಿದ್ದರು.

ಮಗಳು ಅಲ್ಲಿನ ಪೌರತ್ವ ಪಡೆದ ಮೇಲೆ ಅವಳಿಗೆ ಅದು ಮೊದಲ ಮತ. ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟಳು. ಮೇಲೆ ದಪ್ಪ ಕೋಟು. ಮತಗಟ್ಟೆ ನಮ್ಮಲ್ಲಿಯ ಹಾಗೆಯೇ ಒಂದು ಶಾಲೆ. ಯಂತ್ರವಿಲ್ಲ. ಕಾಗದದ ಮತಪತ್ರ, ಪರದೆ, ಒಂದು ಪೆನ್ಸಿಲ್. ಬೇಕಾದ ಹೆಸರಿನ ಮುಂದೆ ಅಡ್ಡಗೀಟಿನ ಗುರುತು ಹಾಕಿ ಮಡಚಿ ಪೆಟ್ಟಿಗೆಗೆ ಹಾಕುವುದು. ಸುತ್ತ ಪೊಲೀಸರ ಕಾವಲೇನೂ ಕಾಣಲಿಲ್ಲ. ಮತ ಹಾಕಿದ ಮೇಲೆ ಜನ ಅಭ್ಯರ್ಥಿಗಳ ಕಚೇರಿಗಳಿಗೆ ಹೋಗಿ ಕಾಫಿ ಕುಡಿದು ಕೇಕು ತಿನ್ನುತ್ತಾರೆ. 'ಚುನಾವಣೆ ಕಾಫಿ' ಎಂದೇ ಅದಕ್ಕೆ ಹೆಸರು. ಪುಟ್ಟಿ ಮೂರು ಅಭ್ಯರ್ಥಿಗಳ ಕೇಕು ರುಚಿ ನೋಡಿ, ಯಾರದು ಚೆನ್ನಾಗಿದೆ ಎಂದು ತನ್ನದೇ ತೀರ್ಪು ಕೊಟ್ಟಳು.

ಮನೆಗೆ ಬಂದಾಗ ಅವಳು ಅಮ್ಮನ ಬೆರಳು ಹಿಡಿದು ನೋಡಿದಳು. "ಇಲ್ಲಿ ಶಾಯಿ ಹಚ್ಚೋದಿಲ್ವಾ? ಅಜ್ಜಿ ಫೋಟೋ ಕಳಿಸಿದ್ದಳಲ್ಲ, ಉಗುರಿನ ಮೇಲೆ ಕಪ್ಪು ಗೀಟು?" ಹೌದು, ಮೇ 7ರಂದು ಹೆಂಡತಿ ಮಂಡಿನೋವಿನಲ್ಲೂ ಆಟೋ ಹಿಡಿದು ಹೋಗಿ ಮತ ಹಾಕಿ, ಬೆರಳಿನ ಫೋಟೋ ಕಳಿಸಿದ್ದಳು.

ಆಮೇಲೆ ಪುಟ್ಟಿ ನನ್ನ ಕಡೆ ತಿರುಗಿದಳು. "ಅಜ್ಜ, ನಿನ್ನ ಬೆರಳು ತೋರಿಸು."

ನಾನು ಕೈಯನ್ನು ಶಾಲಿನೊಳಗೆ ಎಳೆದುಕೊಂಡೆ. "ಒಂದು ತಿಂಗಳಾಯ್ತಲ್ಲ, ಹೋಗಿರ್ತದೆ," ಎಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಆ ಮಗು ಮುಖ ನೋಡುತ್ತ ನಿಂತಿತ್ತು.

"ನಾನು ಮತ ಹಾಕಲಿಲ್ಲ ಪುಟ್ಟಿ. ಅದಕ್ಕೆ ಮೊದಲೇ ಹೊರಟುಬಂದೆ."

"ಯಾಕೆ?"

"ಟಿಕೆಟ್ ದರ ಕಡಿಮೆ ಇತ್ತು."

ಅವಳು ಬೈಯಲಿಲ್ಲ, ನಗಲೂ ಇಲ್ಲ. "ಓ" ಎಂದು ಆಡಲು ಹೋದಳು. ಆ ಒಂದಕ್ಷರ ನನಗೆ ಇವತ್ತಿಗೂ ಕೇಳಿಸುತ್ತದೆ.

ಅವತ್ತು ರಾತ್ರಿ ಎಣಿಕೆ ನೋಡುತ್ತ ಕೂತೆ. ಕಿಟಕಿಯಾಚೆ ರಾತ್ರಿಯೇ ಆಗುತ್ತಿರಲಿಲ್ಲ. ಹಲ್ಲಾ ಮುಂದೆ, ಕತ್ರೀನ್ ಹಿಂದೆ. ಎಣಿಕೆ ಪೂರ್ತಿ ಮುಗಿಯುವ ಮೊದಲೇ ಕತ್ರೀನ್ ಸೋಲು ಒಪ್ಪಿ ಹಲ್ಲಾ ಅವರಿಗೆ ಅಭಿನಂದನೆ ಹೇಳಿದರು. ಹಲ್ಲಾಗೆ ನೂರಕ್ಕೆ 34, ಕತ್ರೀನ್‌ಗೆ ನೂರಕ್ಕೆ 25. ಸುಮಾರು ಆರೂವರೆ ವರ್ಷ ದೇಶ ನಡೆಸಿದವರು, ಎರಡು ತಿಂಗಳ ಹಿಂದೆ ಪ್ರಧಾನಿಯಾಗಿದ್ದವರು, ಈಗ ಏನೂ ಅಲ್ಲ. ಕಲ್ಲು ಬೀಳಲಿಲ್ಲ, ಗಾಜು ಒಡೆಯಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯವರು ಎಂದಿನ ಹಾಗೆ ಈಜಲು ಹೋದರು.

ಹಲ್ಲಾ ಹೇಳಿಕೊಂಡ ಬಾಲ್ಯದ ನೆನಪೊಂದನ್ನು ಮಗಳು ಓದಿ ಹೇಳಿದಳು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್‌ನ ನೂರಕ್ಕೆ ತೊಂಬತ್ತು ಹೆಂಗಸರು ಒಂದು ದಿನ ಮನೆಗೆಲಸವನ್ನೂ ಹೊರಗಿನ ಕೆಲಸವನ್ನೂ ನಿಲ್ಲಿಸಿದರು. ಐದು ವರ್ಷಗಳ ನಂತರ, 1980ರಲ್ಲಿ, ವಿಗ್ದಿಸ್ ಫಿನ್ಬೊಗದೋತ್ತಿರ್ ಜನರ ಮತದಿಂದ ಗೆದ್ದು ಅಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆಯಾದರು. ಆ ಮುಷ್ಕರದ ದಿನ ಹಲ್ಲಾಗೆ ಏಳು ವರ್ಷ. ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಮನೆಯ ಹೆಂಗಸರನ್ನು ಕೇಳಿದ್ದಕ್ಕೆ, ನಾವೂ ಲೆಕ್ಕಕ್ಕಿದ್ದೇವೆ ಎಂದು ತೋರಿಸಲು ಎಂದರಂತೆ.

ಅದನ್ನು ಕೇಳಿದಾಗ ನನಗೆ ಅಪ್ಪ ನೆನಪಾದರು. 1967ರ ಚುನಾವಣೆ. ಊರು ಮುಳುಗಿ ಮೂರು ವರ್ಷ. ಗುಡಿಸಲಿನಲ್ಲಿದ್ದೆವು. ಅಪ್ಪ ಇದ್ದ ಒಂದೇ ಒಳ್ಳೆಯ ಪಂಚೆಯನ್ನು ಹಿಂದಿನ ದಿನವೇ ಒಗೆದು ಒಣಗಿಸಿ, ಬೆಳಗಿನ ಜಾವ ಎದ್ದು ಆರು ಮೈಲಿ ನಡೆದು ಮತ ಹಾಕಿ ಬಂದರು. ಅಮ್ಮ ಕೇಳಿದಳು, "ಅವರು ನಮಗೇನು ಕೊಟ್ಟರು ಅಂತ ಹೋದಿರಿ?" ಅಪ್ಪ ಪಂಚೆ ಮಡಚಿಡುತ್ತ ಹೇಳಿದರು, "ನಾವು ಇದ್ದೇವೆ ಅಂತ ಗೊತ್ತಾಗಬೇಕಲ್ಲ." ಮತ್ತೆ ಪ್ರತಿ ಚುನಾವಣೆಗೂ ಹಾಗೆಯೇ ಹೋದರು. ಎಲ್ಲ ಕಳೆದುಕೊಂಡ ಅವರು ಒಮ್ಮೆಯೂ ತಪ್ಪಿಸಲಿಲ್ಲ. ತಿಂಗಳ ಸಂಬಳ, ಪಿಂಚಣಿ ಎಲ್ಲ ತಿಂದ ನಾನು ತಪ್ಪಿಸಿದೆ. ಅದೂ ಅವರ ಹಕ್ಕುಪತ್ರದ ನೆಪ ಹೇಳಿ.

ಜೂನ್ 17 ಅವರ ರಾಷ್ಟ್ರೀಯ ದಿನ. 1944ರಲ್ಲಿ ಅದೇ ದಿನ ಡೆನ್ಮಾರ್ಕ್‌ನ ದೊರೆತನದಿಂದ ಬಿಡಿಸಿಕೊಂಡು ಗಣರಾಜ್ಯವಾದರು. ಆ ವರ್ಷ 80 ತುಂಬಿತ್ತು. ಪಾರ್ಲಿಮೆಂಟಿನ ಎದುರಿನ ಹುಲ್ಲುಹಾಸಿನಲ್ಲಿ ಜನ. ಅವರ ಪಾರ್ಲಿಮೆಂಟಿನ ಹೆಸರು ಆಲ್ತಿಂಗ್. ಕ್ರಿಸ್ತಶಕ 930ರಲ್ಲಿ ಬಯಲಿನಲ್ಲಿ, ಬಂಡೆಗಳ ನಡುವೆ ಸೇರಿದ ಸಭೆಯಿಂದ ಬಂದದ್ದು. ಮಕ್ಕಳ ಕೈಯಲ್ಲಿ ಬಾವುಟ, ಬಲೂನು. ನಾಡದೇವಿಯ ವೇಷ ತೊಟ್ಟ ಹೆಣ್ಣುಮಗಳೊಬ್ಬಳು ಕವಿತೆ ಓದುತ್ತಾಳೆ. ನಮ್ಮ ರಾಜ್ಯೋತ್ಸವದ ಭುವನೇಶ್ವರಿಯ ಹಾಗೆ. ಎರಡು ವಾರದ ಹಿಂದೆ ಬೇರೆ ಬೇರೆ ಅಭ್ಯರ್ಥಿಗಳಿಗೆ ಮತ ಹಾಕಿದ್ದವರೆಲ್ಲ ಒಟ್ಟಿಗೆ ನಿಂತು ಹಾಡಿದರು.

ಜುಲೈ ಕೊನೆಗೆ ನಾನು ಸಾಗರಕ್ಕೆ ಮರಳಿದೆ. ಇಲ್ಲಿ ಮಳೆ ಧಾರಾಕಾರ. ಆಗಸ್ಟ್ 1ಕ್ಕೆ ಹಲ್ಲಾ ಅಧಿಕಾರ ವಹಿಸಿಕೊಂಡರು. ಗುಡ್ನಿ ಏನಾದರು ಗೊತ್ತೇ? ವಿಶ್ವವಿದ್ಯಾಲಯಕ್ಕೆ ಹಿಂತಿರುಗಿ ಮತ್ತೆ ಇತಿಹಾಸದ ಮೇಷ್ಟ್ರಾದರು. ನಿವೃತ್ತ ಮೇಷ್ಟ್ರಾದ ನನಗೆ ಇದಕ್ಕಿಂತ ಖುಷಿಯ ಸುದ್ದಿ ಬೇರೆ ಬೇಕಿರಲಿಲ್ಲ.

ಅಕ್ಟೋಬರ್ 13ಕ್ಕೆ ಅಲ್ಲಿನ ಸರ್ಕಾರವೇ ಬಿತ್ತು. ಮೂರು ಪಕ್ಷ ಸೇರಿ ಮಾಡಿದ ಸರ್ಕಾರ, ಒಮ್ಮತವಿರಲಿಲ್ಲ. ಸಾಲದ ಬಡ್ಡಿ ಏರಿ ಮಗಳ ಮನೆಯ ಕಂತೂ ಹೆಚ್ಚಾಗಿತ್ತು. ಕೆಲವು ಶಾಲೆಗಳಲ್ಲಿ ಮೇಷ್ಟ್ರುಗಳ ಮುಷ್ಕರ. ನವೆಂಬರ್ 20ಕ್ಕೆ ಮತ್ತೊಮ್ಮೆ ಜ್ವಾಲಾಮುಖಿ. ಅದರ ನಡುವೆಯೇ ನವೆಂಬರ್ 30ರ ಚಳಿಯಲ್ಲಿ ಚುನಾವಣೆ. ಒಟ್ಟು 63 ಸ್ಥಾನ. ಹಿಂದಿನ ಪ್ರಧಾನಿ ಕತ್ರೀನ್ ಅವರ ಪಕ್ಷಕ್ಕೆ ಒಂದೂ ಸ್ಥಾನ ಬರಲಿಲ್ಲ. ಸರ್ಕಾರದಲ್ಲಿದ್ದ ಮೂರೂ ಪಕ್ಷಗಳು ನೆಲ ಕಳೆದುಕೊಂಡವು. ಬ್ಯಾರ್ನಿ ಅಧಿಕಾರ ಬಿಟ್ಟರು. ಡಿಸೆಂಬರ್ 21ಕ್ಕೆ ಹೊಸ ಸರ್ಕಾರ ಬಂತು. ಮೂರು ಪಕ್ಷಗಳ ಮೂವರು ಹೆಂಗಸರು ಅದರ ಮುಂದಾಳುಗಳು. ಪ್ರಧಾನಿ ಕ್ರಿಸ್ತ್ರುನ್ ಫ್ರೋಸ್ತಾದೋತ್ತಿರ್ ಅವರಿಗೆ 36 ವರ್ಷ. ಆ ದೇಶದ ಅತ್ಯಂತ ಕಿರಿಯ ಪ್ರಧಾನಿ. ಅವತ್ತು ಅಲ್ಲಿ ವರ್ಷದ ಅತಿ ಚಿಕ್ಕ ಹಗಲು, ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಬೆಳಕು, ಅಷ್ಟೇ.

ಒಂದೇ ವರ್ಷದಲ್ಲಿ ಅಧ್ಯಕ್ಷರು ಬದಲಾದರು, ಪ್ರಧಾನಿ ಎರಡು ಸಲ ಬದಲಾದರು, ಪಾರ್ಲಿಮೆಂಟೇ ಹೊಸದಾಯಿತು, ಕಾಲಡಿಯ ನೆಲವೂ ಸುಮ್ಮನಿರಲಿಲ್ಲ. ಲೆಕ್ಕ ಹಾಕಿದರೆ ಗೆದ್ದವರಿಗಿಂತ ಸೋತವರೇ ಜಾಸ್ತಿ. ಆದರೆ ಸೋತವರು ಯಾರೂ ಇನ್ನು ನಮಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಗಿಲು ಹಾಕಿಕೊಂಡದ್ದನ್ನು ನಾನು ಕಾಣಲಿಲ್ಲ. ಸೋತು ಬಾಗಿಲು ಹಾಕಿಕೊಂಡವನು ನಾನೊಬ್ಬನೇ ಇದ್ದೆ. ಸಣ್ಣ ದೇಶ, ಅದಕ್ಕೇ ಅಲ್ಲಿ ಒಂದು ಮತಕ್ಕೆ ಬೆಲೆ ಎಂದು ಕೆಲವರು ಹೇಳಬಹುದು. ನಮ್ಮ ದೇಶದಲ್ಲಿ ಆ ಚುನಾವಣೆಗೆ 64 ಕೋಟಿ ಜನ ಮತ ಹಾಕಿದರು. ಗುಜರಾತಿನ ಗಿರ್ ಕಾಡಿನಲ್ಲಿ ಒಬ್ಬರೇ ಒಬ್ಬ ಮತದಾರರಿಗಾಗಿ ಒಂದು ಮತಗಟ್ಟೆ ತೆರೆಯುತ್ತಾರೆ. ಒಬ್ಬರಿಗಾಗಿ ಸಿಬ್ಬಂದಿ ಕಾಡಿಗೆ ಹೋಗುವ ದೇಶದಲ್ಲಿ, ಮತಗಟ್ಟೆ ಅರ್ಧ ಕಿಲೋಮೀಟರ್ ದೂರದಲ್ಲಿದ್ದ ನಾನು ಹೋಗಲಿಲ್ಲ.

ನವೆಂಬರ್‌ನಲ್ಲಿ ನಮ್ಮ ಮತದಾರರ ಪಟ್ಟಿಯ ಪರಿಷ್ಕರಣೆ ನಡೆಯುತ್ತಿತ್ತು. ನಾನು ಶಾಲೆಗೆ ಹೋಗಿ ಪಟ್ಟಿ ನೋಡಿದೆ. ನನ್ನ ಹೆಸರಿತ್ತು, ಹೆಂಡತಿಯ ಹೆಸರಿತ್ತು. ಅದರ ಕೆಳಗೆ ಮಗಳ ಹೆಸರೂ ಇತ್ತು. ಬೇರೆ ದೇಶದ ಪೌರತ್ವ ಪಡೆದವರ ಹೆಸರು ಇಲ್ಲಿ ಇರುವ ಹಾಗಿಲ್ಲ. ತೆಗೆಸಲು ನಮೂನೆ 7 ತುಂಬಬೇಕು. ತುಂಬಿದೆ. ಹದಿನೆಂಟು ತುಂಬಿದಾಗ ಅವಳ ಹೆಸರು ಸೇರಿಸಲು ಇದೇ ಶಾಲೆಗೆ ನಾನೇ ಕರೆತಂದಿದ್ದೆ. ಸಹಿ ಹಾಕುವಾಗ ಕೈ ಸ್ವಲ್ಪ ನಡುಗಿತು. ಎದುರಿಗೆ ಕೂತಿದ್ದ ಅಂಗನವಾಡಿ ಶಿಕ್ಷಕಿ ನನ್ನ ಹಳೆಯ ವಿದ್ಯಾರ್ಥಿನಿ. "ಕೂತ್ಕೊಳಿ ಮೇಷ್ಟ್ರೇ, ನೀರು ಕುಡೀರಿ," ಎಂದಳು.

ಆ ಭಾನುವಾರ ಪುಟ್ಟಿಗೆ ಇದನ್ನು ಹೇಳಿದೆ. ಅವಳು ಕೇಳಿದ್ದು ಒಂದೇ: "ನಿನ್ನ ಹೆಸರು ಇದೆಯಲ್ಲ ಅಜ್ಜ? ಮುಂದಿನ ಚುನಾವಣೆ ಯಾವಾಗ?"

ಮೇ ತಿಂಗಳಲ್ಲಿ ಅವರೆಲ್ಲ ಊರಿಗೆ ಬರುತ್ತಾರೆ. ಮಳೆ ಬರುವ ಮುಂಚೆ, ನೀರು ಇಳಿದ ಹೊತ್ತಿನಲ್ಲಿ, ಪುಟ್ಟಿಯನ್ನು ಹಿನ್ನೀರಿಗೆ ಕರೆದುಕೊಂಡು ಹೋಗಬೇಕು. ಬಾವಿಕಟ್ಟೆಯ ಮೇಲೆ ಕೂರಿಸಿ ಒಂದು ಫೋಟೋ ತೆಗೆಯಬೇಕಂತೆ. ಗ್ರಿಂಡಾವಿಕ್‌ನ ಆ ಹುಡುಗನಿಗೆ ತೋರಿಸುತ್ತೇನೆಂದು ಅವಳು ಆಗಲೇ ಮಾತು ಕೊಟ್ಟಿದ್ದಾಳೆ.